ಎಡಗೈಗೊಂದು ಕೀಬೋರ್ಡು

ಹಂಸಭಾವಿಯಲ್ಲಿ ಪ್ರಶಾಂತ ಅವರ ಹಿಟ್ಟಿನ ಗಿರಣಿಗೂ ಅವರ ಮನೆಯ ಪಡಸಾಲೆಗೂ ನಡುವೆ ಇರುವುದು ಒಂದೇ ಗೋಡೆ. ಗಿರಣಿ ಓಡುವಾಗ ಆ ಗೋಡೆಯ ಮೇಲೆ ಅಂಗೈ ಇಟ್ಟರೆ ನಡುಕ ಮೊಣಕೈವರೆಗೆ ಹತ್ತುತ್ತದೆ. ಪ್ರಶಾಂತ ಅವರ ಹೆಂಡತಿ ನೀಲಾಂಬಿಕಾ ಆ ಗೋಡೆಗೆ ಬೆನ್ನು ಹಾಕಿ ಕೂತು ಹಾರ್ಮೋನಿಯಂ ನುಡಿಸುತ್ತಾರೆ. ಈ ಭಾಗದಲ್ಲಿ ಅದಕ್ಕೆ ಪೇಟಿ ಎಂದೇ ಹೆಸರು.

ಹೋದ ಬೇಸಿಗೆಯಲ್ಲಿ ಅವರು ಮೊಬೈಲನ್ನು ಎದುರಿಗಿಟ್ಟುಕೊಂಡು ಒಂದು ತತ್ವಪದಕ್ಕೆ ಪೇಟಿ ನುಡಿಸಿ, ಅದನ್ನು ತವರೂರು ಹಿರೇಬೆಂಡಿಗೇರಿಗೆ ಕಳಿಸಿದರು. ಅಲ್ಲಿ ಅವರ ಸೋದರತ್ತೆ ಅನ್ನವ್ವ ಇದ್ದಾರೆ. ಸಂಜೆ ಅನ್ನವ್ವನ ಧ್ವನಿಯಲ್ಲೇ ಉತ್ತರ ಬಂತು. "ಪೇಟಿ ಕೇಳಿಸ್ಲಿಲ್ಲವ್ವ ನೀಲಾ, ಜ್ವಾಳ ಬೀಸೋದು ಕೇಳಿಸ್ತು. ಹಿಟ್ಟು ಸಣ್ಣಗ ಬಂದೈತಿಲ್ಲೋ ನೋಡು."

ನೀಲಾಂಬಿಕಾ ನಗಲಿಲ್ಲ. ಶ್ರಾವಣಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ.

ಹಿರೇಬೆಂಡಿಗೇರಿಯ ಮಠದಲ್ಲಿ ಶ್ರಾವಣದ ಸೋಮವಾರಗಳಂದು ಊರ ಹೆಂಗಸರ ಬಳಗ ಕೂತು ಹಾಡುತ್ತದೆ. ಹಾಡಿಗೆ ಮುಂದಾಳು ಅನ್ನವ್ವ. ಎಪ್ಪತ್ತು ದಾಟಿದ್ದಾರೆ, ಕಣ್ಣು ಮುಚ್ಚಿ ಹಾಡುತ್ತಾರೆ, ಪದದ ಒಂದು ನುಡಿ, ಅಂದರೆ ಚರಣ, ಹಿಡಿಸಿದರೆ ಅದನ್ನೇ ಮತ್ತೆ ಹಾಡುತ್ತಾರೆ. ಮದುವೆಗೆ ಮುಂಚೆ ಅವರ ಎಡಬದಿಗೆ ಕೂತು ಪೇಟಿ ನುಡಿಸುತ್ತಿದ್ದವರು ನೀಲಾಂಬಿಕಾ. ತಂದೆ ಕರಬಸಪ್ಪ ಕಲಿಸಿದ ವಿದ್ಯೆ ಅದು. ಮದುವೆಯಾದ ಮೇಲೂ ಕೆಲವು ವರ್ಷ ಶ್ರಾವಣಕ್ಕೆ ಹೋಗಿ ಬಂದರು. ಆಮೇಲೆ ಆಗಲಿಲ್ಲ. ಪಂಚಮಿಯ ಉಂಡಿ, ತಂಬಿಟ್ಟು, ಮುಂದೆ ಹಬ್ಬದ ಮೇಲೆ ಹಬ್ಬ; ಶ್ರಾವಣ ಎಂದರೆ ಗಿರಣಿಗೆ ಸುಗ್ಗಿ. ಪ್ರಶಾಂತ ಕಾಳು ಸುರಿದರೆ ತೂಕಕ್ಕೆ ನಿಲ್ಲುವವರು ನೀಲಾಂಬಿಕಾ. ಹಂಸಭಾವಿಯಿಂದ ಹಿರೇಬೆಂಡಿಗೇರಿಗೆ ಹೋಗಲು ಬಸ್ಸು ಬದಲಿಸಬೇಕು, ಬರುವಾಗ ಮತ್ತೆ ಬದಲಿಸಬೇಕು. ಹೋದವರು ಅದೇ ದಿನ ತಿರುಗಿ ಬಂದು ತೂಕಕ್ಕೆ ನಿಲ್ಲುವುದು ಆಗದ ಮಾತು.

ಅವರು ಬಿಟ್ಟ ಜಾಗಕ್ಕೆ ಊರಿನಲ್ಲಿ ಪೇಟಿ ನುಡಿಸುವವರು ಸಿಗಲಿಲ್ಲ. ಕೆಲವು ವರ್ಷ ಬರೀ ತಾಳ, ದಮ್ಮಡಿಯಲ್ಲಿ ನಡೆಯಿತು. ಹಿಂದಿನ ಶ್ರಾವಣದಲ್ಲಿ ಬಳಗದ ಸುನಿತಾ ಎಲ್ಲಿಂದಲೋ ಒಂದು ಟ್ರ್ಯಾಕ್ ಇಳಿಸಿಕೊಂಡು ಬಂದು, ಮೊಬೈಲನ್ನು ಸ್ಪೀಕರಿಗೆ ಜೋಡಿಸಿದಳು. ಸಂಗೀತ ಚೆನ್ನಾಗಿತ್ತು. ಅನ್ನವ್ವ ಮಾತ್ರ ಮೊದಲ ಪದದಲ್ಲಿ ಸಾಲನ್ನು ತಡವಾಗಿ ಎತ್ತಿಕೊಂಡರು, ಎರಡನೆಯದರಲ್ಲಿ ಬೇಗ ಎತ್ತಿಕೊಂಡರು, ಮೂರನೆಯದರಲ್ಲಿ ಎತ್ತಿಕೊಳ್ಳಲೇ ಇಲ್ಲ. ಮುಂದಿನ ಸೋಮವಾರ ಅವರು ಹಿಂದೆ ಗೋಡೆಗೆ ಒರಗಿ ಕೂತರು, ತಾಳ ಹಾಕಿದರು. ಮುಂದಿನ ಸಾಲಿನಲ್ಲಿ ಸುನಿತಾ ಕೂತು ಹಾಡಿಸಿದಳು. ಯಾರೂ ಅವರನ್ನು ಹಿಂದೆ ಹೋಗು ಎನ್ನಲಿಲ್ಲ. ಮುಂದೆ ಬಾ ಎಂದು ಕರೆದರೂ ಅವರು ಬರಲಿಲ್ಲ.

ಸುನಿತಾ ಇದನ್ನು ಫೋನಿನಲ್ಲಿ ಹೇಳಿದಾಗ ನೀಲಾಂಬಿಕಾ ತೂಕದ ಮುಂದೆ ನಿಂತಿದ್ದರು. ಈ ವರ್ಷ ಸೋದರತ್ತೆಯೇ ಮುಂದೆ ಕೂರಬೇಕು, ಅದಕ್ಕೆ ತನ್ನ ಪೇಟಿ ಅಲ್ಲಿರಬೇಕು ಎಂದು ಆಗಲೇ ತೀರ್ಮಾನಿಸಿದರು. ತಾನು ಹೋಗಲಾಗದಿದ್ದರೂ ಪೇಟಿಯ ಧ್ವನಿ ಹೋಗಬಹುದಲ್ಲ. ಅನ್ನವ್ವ ಹಾಡಿ ಕಳಿಸಲಿ, ಅದನ್ನು ಕೇಳುತ್ತ ತಾನು ನುಡಿಸಿ ತಿರುಗಿ ಕಳಿಸುವುದು.

ಲೆಕ್ಕ ಸರಳವಿತ್ತು. ಗೋಡೆ ಅಡ್ಡ ಬಂತು. ಗಿರಣಿ ಓಡುವಾಗ ಅದರ ಸದ್ದು. ಕರೆಂಟು ಹೋಗಿ ಗಿರಣಿ ನಿಂತರೆ, ಹಿಟ್ಟಿಗೆ ಬಂದವರು ಡಬ್ಬಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತು ಮಾತಿಗಿಳಿಯುತ್ತಾರೆ. ಒಂದು ರೆಕಾರ್ಡಿಂಗಿನಲ್ಲಿ ಪದದ ಎರಡನೇ ನುಡಿ ಮುಗಿಯುವಷ್ಟರಲ್ಲಿ ಯಂಕವ್ವ ಎಂಬ ಗಿರಾಕಿ ತನ್ನ ಅಳಿಯನ ಗುಣವನ್ನೆಲ್ಲ ಹೇಳಿ ಮುಗಿಸಿದ್ದಳು. ರಾತ್ರಿ ಅದೇ ಪಡಸಾಲೆಯಲ್ಲಿ ಮಾವ ಮಲಗುತ್ತಾರೆ.

ಮೈಕೇ ಇಲ್ಲದೆ ಧ್ವನಿ ಹಿಡಿಯುವ ದಾರಿ ಇದೆ ಎಂದು ನೀಲಾಂಬಿಕಾ ಮೊಬೈಲಿನ ವಿಡಿಯೊಗಳಿಂದ ತಿಳಿದುಕೊಂಡರು. ಮಿಡಿ ಕೀಬೋರ್ಡ್ ಎಂಬುದೊಂದಿದೆ. ಅದರ ಬಿಳಿ, ಕರಿ ಪಟ್ಟಿ ಒತ್ತಿದರೆ ವೈರಿನ ಮೂಲಕ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ, ಪೇಟಿಯ ಧ್ವನಿ ಕಂಪ್ಯೂಟರಿನೊಳಗೇ ಹುಟ್ಟುತ್ತದೆ. ಗಿರಣಿ ಎಷ್ಟು ಗದ್ದಲ ಮಾಡಿದರೂ ವೈರಿನೊಳಗೆ ಹೋಗುವುದಿಲ್ಲ. ಮಗಳು ಓದು ಮುಗಿಸಿ ಬಿಟ್ಟುಹೋದ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಬೇಕಾದದ್ದು ಕೀಬೋರ್ಡ್ ಒಂದೇ.

ವಿಡಿಯೊ ಮಾಡಿದವರೆಲ್ಲ ಕುರ್ಚಿಯ ಮೇಲೆ ಕೂತು ಎರಡೂ ಕೈಯಲ್ಲಿ ನುಡಿಸುವವರು. ಇಪ್ಪತ್ತೈದು ಪಟ್ಟಿ ಸಾಕೋ ಅರವತ್ತೊಂದು ಬೇಕೋ, ಪಟ್ಟಿ ಹಗುರ ಇರಬೇಕೋ ಭಾರ ಇರಬೇಕೋ, ಡೋಲು ಬಾರಿಸುವ ಚೌಕದ ಗುಂಡಿಗಳು ಎಷ್ಟಿರಬೇಕು ಎಂದು ಅವರು ಮಾತಾಡುತ್ತಾರೆ. ಪೇಟಿಯವರು ಏನು ನೋಡಿ ಕೊಳ್ಳಬೇಕು ಎಂದು ಒಬ್ಬರೂ ಹೇಳಲಿಲ್ಲ. ನೀಲಾಂಬಿಕಾ ಎಲ್ಲಕ್ಕಿಂತ ಚಿಕ್ಕದನ್ನು ತರಿಸಿದರು. ಪೇಟಿ ನುಡಿಸುವುದು ಒಂದೇ ಕೈ, ಅದಕ್ಕೆ ಅಷ್ಟು ಸಾಕು ಎಂದುಕೊಂಡರು.

ಬಂದದ್ದು ತೊಡೆಯ ಮೇಲೆ ಕೂರುವಷ್ಟಿತ್ತು. ವೈರು ಚುಚ್ಚಿದರೆ ಕೆಂಪು ದೀಪ ಹತ್ತಿತು, ಪಟ್ಟಿ ಒತ್ತಿದರೆ ಸದ್ದಿಲ್ಲ. ಪ್ರಶಾಂತ ಗಿರಣಿಯಿಂದ ಟೆಸ್ಟರ್ ತಂದು ವೈರು ನೋಡಿದರು, ಬೇರೆ ವೈರು ಹಾಕಿದರು, ಮೋಟರಿಗೆ ಮಾಡುವಂತೆ ಬೆನ್ನಿಗೆ ಎರಡು ಸಲ ತಟ್ಟಿದರು. ಕೊನೆಗೆ ಇದು ಸುಟ್ಟಿದೆ ಎಂದು ಇಬ್ಬರೂ ಒಪ್ಪಿದರು. ಪೆಟ್ಟಿಗೆ ಕಟ್ಟಿ ವಾಪಸ್ ಕಳಿಸಿದ ಮೇಲೆ, ಇನ್ನೊಂದು ವಿಡಿಯೊದ ನಡುವೆ, ಇಂಥ ಕೀಬೋರ್ಡಿಗೆ ಸ್ವಂತ ಧ್ವನಿಯೇ ಇರುವುದಿಲ್ಲ, ಕಂಪ್ಯೂಟರಿನಲ್ಲಿ ಅದಕ್ಕೊಂದು ಬೇರೆ ತಂತ್ರಾಂಶ ತೆರೆಯಬೇಕು ಎಂಬ ಮಾತು ಬಂತು. ಅದನ್ನು ಹೇಳುವವನು ಎಲ್ಲರಿಗೂ ಗೊತ್ತಿರುವುದೇ ಎಂಬಂತೆ ಅರೆಗಳಿಗೆಯಲ್ಲಿ ಹೇಳಿ ಮುಂದೆ ಹೋದ. ನೀಲಾಂಬಿಕಾ ವಿಡಿಯೊವನ್ನು ಹಿಂದೆ ಎಳೆದು ಆ ಮಾತನ್ನು ಇನ್ನೊಮ್ಮೆ ಕೇಳಿದರು. ಆದರೂ ಅದನ್ನು ಮತ್ತೆ ತರಿಸುವ ಮನಸ್ಸಾಗಲಿಲ್ಲ. ಅದರ ಪಟ್ಟಿಗಳು ಮಕ್ಕಳ ಆಟಿಕೆಯಷ್ಟು ಕಿರಿದಾಗಿದ್ದವು. ಒಂದನ್ನು ಒತ್ತಲು ಹೋದ ಬೆರಳು ಎರಡನ್ನು ಒತ್ತುತ್ತಿತ್ತು.

ಕಣ್ಣಾರೆ ನೋಡಿ ತರೋಣವೆಂದು ಒಂದು ದಿನ ಹಾನಗಲ್ಲಿಗೆ ಹೋದರು. ಅಲ್ಲಿಯ ಮಾರ್ಕೆಟ್ ರಸ್ತೆಯಲ್ಲಿ ಸ್ಪೀಕರು, ಮೈಕು, ಮೆರವಣಿಗೆಯ ವಾದ್ಯ ಮಾರುವ ಒಂದು ಅಂಗಡಿ ಇದೆ. ಅಂಗಡಿಯವರು ದೊಡ್ಡ ಕೀಬೋರ್ಡ್ ಒಂದನ್ನು ತೆಗೆದು, ಒಂದು ಗುಂಡಿ ಒತ್ತಿ, ಅಂಗಡಿಯೆಲ್ಲ ಕುಣಿಯುವಂತೆ ಮಾಡಿದರು. ತಬಲಾ ಇದರಲ್ಲೇ ಇದೆ, ಶಹನಾಯಿ ಇದರಲ್ಲೇ ಇದೆ ಎಂದರು. ನೀಲಾಂಬಿಕಾ ತಮಗೆ ಬೇಕಾದದ್ದನ್ನು ವಿವರಿಸಿದರು: ತಬಲಾ ಬೇಡ, ಸ್ಪೀಕರ್ ಬೇಡ, ಧ್ವನಿಯೇ ಬೇಡ, ವೈರು ಇದ್ದರೆ ಸಾಕು.

ಅಂಗಡಿಯವರು ಪ್ರಶಾಂತ ಅವರ ಕಡೆ ತಿರುಗಿದರು. "ಅಕ್ಕಾರು ಏನ ಕೇಳಾಕತ್ತಾರ್ರಿ? ಬಾಯಿ ಇಲ್ಲದ್ದು ನಮ್ಮಲ್ಲಿ ಮಾರಂಗಿಲ್ರಿ."

"ಮನ್ಯಾಗೂ ಇಲ್ರಿ," ಎಂದರು ಪ್ರಶಾಂತ.

ಬಸ್ಸಿನಲ್ಲಿ ನೀಲಾಂಬಿಕಾ ಗಂಡನನ್ನು ಬಿಟ್ಟು ಮುಂದಿನ ಸೀಟಿನಲ್ಲಿ ಕೂತರು.

ಎರಡನೆಯ ಕೀಬೋರ್ಡನ್ನು ಮತ್ತೆ ಮೊಬೈಲಿನಲ್ಲೇ ಆರಿಸಿದರು. ಚಿಕ್ಕದು ತಂದು ಕೆಟ್ಟೆ ಎಂದು ಈ ಸಲ ದೊಡ್ಡದು. ಅರವತ್ತೊಂದು ಪಟ್ಟಿ, ಅಗಲ ಸರಿಯಾಗಿತ್ತು. ಇಡಲು ಜಾಗವಿರಲಿಲ್ಲ. ನೆಲದಲ್ಲಿ ಕೂತು ನುಡಿಸುವವರಿಗೆ ಅದರ ಎರಡು ತುದಿ ಎರಡು ಕಡೆ ದೂರ ಹೋದವು. ಹಿಟ್ಟಿನ ಡಬ್ಬಿ ಎರಡು ಬೋರಲು ಹಾಕಿ, ಮೇಲೆ ಹಲಗೆ ಇಟ್ಟು ಕೂರಿಸಿದರು. ಸಂಗೀತದ ತಂತ್ರಾಂಶವನ್ನೂ ಪೇಟಿಯ ಧ್ವನಿಯನ್ನೂ ಇಳಿಸಿಕೊಳ್ಳಲು ಒಂದು ವಾರ ಹಿಡಿಯಿತು. ಮೊದಲು ಪಟ್ಟಿ ಒತ್ತಿದ ಮೇಲೆ ಧ್ವನಿ ತಡೆದು ಬರುತ್ತಿತ್ತು. ಅದಕ್ಕೊಂದು ವಿಡಿಯೊ ನೋಡಿ ಸರಿಮಾಡಿದರು. ಆಮೇಲೆ ಒಂದು ಸ್ವರ ಜೋರು, ಒಂದು ಮೆತ್ತಗೆ ಬರತೊಡಗಿತು.

ಇದು ಅವರನ್ನು ಎಲ್ಲಕ್ಕಿಂತ ಕಾಡಿತು. ಪೇಟಿಯಲ್ಲಿ ಪಟ್ಟಿಯನ್ನು ಗುದ್ದಿದರೂ ಸವರಿದರೂ ಧ್ವನಿ ಒಂದೇ. ಏರಿಳಿತವೆಲ್ಲ ಗಾಳಿಯಿಂದ ಬರಬೇಕು. ಈ ಕೀಬೋರ್ಡಿಗೆ ಬೆರಳಿನ ಏಟೇ ಲೆಕ್ಕ. ಮೂವತ್ತು ವರ್ಷದ ಅಭ್ಯಾಸದಲ್ಲಿ ನೀಲಾಂಬಿಕಾ ಅವರ ಹೆಬ್ಬೆರಳು ಭಾರ, ಉಂಗುರದ ಬೆರಳು ಹಗುರ ಎಂದು ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಈಗ ಪ್ರತಿ ಸಾಲಿನಲ್ಲೂ ಕೇಳಿಸತೊಡಗಿತು. ಬೆರಳು ತಿದ್ದಲು ಹೋದರೆ ಪದ ಕೈತಪ್ಪಿತು. ಕೊನೆಗೆ ಏಟು ಹೇಗೇ ಬಿದ್ದರೂ ಧ್ವನಿ ಸಮನಾಗಿ ಬರುವಂತೆ ಮಾಡುವ ಒಂದು ಹೊಂದಾಣಿಕೆ ಸಿಕ್ಕಿತು.

ಪದವನ್ನು ಪೂರ್ತಿ ನುಡಿಸಿ ಕಳಿಸಿದರು. ಗಿರಣಿಯ ಸದ್ದಿಲ್ಲ, ಯಂಕವ್ವನ ಅಳಿಯನಿಲ್ಲ, ಒಂದು ಸ್ವರವೂ ತಪ್ಪಿಲ್ಲ.

ಅನ್ನವ್ವ ಅದಕ್ಕೆ ಹಾಡಿ ನೋಡಿದರು. ಆಮೇಲೆ ಫೋನ್ ಮಾಡಿದರು. "ನೀನ ಬಾರ್ಸೀಯೇನ ಇದನ್ನ?"

ಹೌದು ಎಂದರು ನೀಲಾಂಬಿಕಾ.

"ಹ್ವಾದ ವರ್ಷದ್ದು ಇದ ಹಂಗ ಇತ್ತು. ಎಲ್ಲಿ ಎತ್ಗೊಬೇಕಂತ ತಿಳೀವಲ್ದು ನನಗ. ಇರ್ಲಿ ಬಿಡವ್ವ, ಸುನಿತಾ ಹಾಡ್ತಾಳ."

ಫೋನ್ ಇಟ್ಟ ಮೇಲೆ ನೀಲಾಂಬಿಕಾ ತಮ್ಮದೇ ರೆಕಾರ್ಡಿಂಗನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. ಚಹಾ ತಂದುಕೊಟ್ಟ ಪ್ರಶಾಂತ ಸ್ವಲ್ಪ ಹೊತ್ತು ನಿಂತು ನೋಡಿದರು. ನೀಲಾಂಬಿಕಾ ಮತ್ತೆ ನುಡಿಸತೊಡಗಿದ್ದರು; ಬಲಗೈ ಪಟ್ಟಿ ಒತ್ತುವಾಗ ಎಡಗೈ ಮೊಣಕಾಲ ಮೇಲೆ ತಾನಾಗಿ ಮುಚ್ಚುತ್ತ ತೆರೆಯುತ್ತಿತ್ತು. "ಆ ಕೈಗೂ ಏನರ ಕೆಲಸ ಕೊಡು," ಎಂದರು. "ಸುಮ್ನ ಜರಡಿ ಹಿಡಿಯಾಕತ್ತೈತಿ." ನೀಲಾಂಬಿಕಾ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮುಂದುವರಿಸಿದರು.

ಆ ವಾರ ದೊಡ್ಡ ಕೀಬೋರ್ಡೂ ವಾಪಸ್ ಹೋಯಿತು. ಪೇಟಿಯನ್ನೂ ಕೊಟ್ಟುಬಿಡುವುದೆಂದು ನೀಲಾಂಬಿಕಾ ಹೇಳಿದರು. ಧ್ವನಿ ಹಿಡಿಯಲಾಗದ ಮನೆಯಲ್ಲಿ ಪೇಟಿ ಇದ್ದು ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. ಪ್ರಶಾಂತ ಬೇಡ ಎಂದರು, ಎರಡನೇ ಸಲ ಬೇಡ ಎನ್ನಲಿಲ್ಲ. ಸವಣೂರಿನಲ್ಲಿ ಹಳೆಯ ಪೇಟಿ ಕೊಂಡು ರಿಪೇರಿ ಮಾಡಿ ಮಾರುವ ಖಾದರಸಾಬ ಅವರ ಹತ್ತಿರ ಇಬ್ಬರೂ ಪೇಟಿ ಹೊತ್ತುಕೊಂಡು ಹೋದರು.

ಖಾದರಸಾಬ ಮುಚ್ಚಳ ತೆಗೆದು ಒಳಗೆ ಊದಿದರು, ಗಾಳಿ ತುಂಬುವ ಹಿಂದಿನ ತಿದಿಯ ಚರ್ಮ ಎಳೆದು ನೋಡಿದರು, ಧೂಳು ಇಲ್ಲ, ಹಿಟ್ಟಿದೆ ಎಂದು ಆಶ್ಚರ್ಯಪಟ್ಟರು. ಆಮೇಲೆ ನೀವೇ ಒಂದು ಸಲ ನುಡಿಸಿ, ಧ್ವನಿ ಕೇಳೋಣ ಎಂದರು. ನೀಲಾಂಬಿಕಾ ನೆಲದ ಮೇಲೆ ಕೂತು ಅನ್ನವ್ವನ ಪದವನ್ನೇ ಹಿಡಿದರು. ಹಾಡುವವರಿಲ್ಲದ್ದರಿಂದ ಮನಸ್ಸಿನಲ್ಲೇ ಹಾಡಿಕೊಂಡರು. ಮೊದಲ ಸಾಲು ಮುಗಿಯಿತು. ಸ್ವರ ಹಿಡಿದು ನಿಂತರು. ಎರಡನೇ ಸಾಲು ಎತ್ತಿಕೊಳ್ಳುವ ಮೊದಲು ಎಡಗೈ ತಿದಿಯನ್ನು ಒಮ್ಮೆ ತುಂಬ ಒತ್ತಿತು. ಧ್ವನಿ ಉಬ್ಬಿತು. ಆ ಉಬ್ಬಿನ ಮೇಲೆ ಅತ್ತೆ ಹಾಡು ಎತ್ತಿಕೊಳ್ಳುತ್ತಿದ್ದರು.

ನೀಲಾಂಬಿಕಾ ನುಡಿಸುವುದನ್ನು ನಿಲ್ಲಿಸಿ, ಮತ್ತೆ ಅದನ್ನೇ ಮಾಡಿದರು. ಹಾಡುವವರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಪೇಟಿಯೂ ಉಸಿರು ತುಂಬಿಕೊಳ್ಳುತ್ತದೆ. ಹಾಗೆ ಮಾಡು ಎಂದು ಕರಬಸಪ್ಪ ಕಲಿಸಿದ್ದು ಅವರಿಗೆ ನೆನಪಿರಲಿಲ್ಲ. ಕೈಗೆ ನೆನಪಿತ್ತು. ಕಣ್ಣು ಮುಚ್ಚಿ ಹಾಡುವ ಅನ್ನವ್ವ ಇಷ್ಟು ವರ್ಷ ಯಾವುದನ್ನು ಹಿಡಿದು ಸಾಲು ಎತ್ತಿಕೊಂಡರು ಎಂಬುದು ಆಗ ತಿಳಿಯಿತು. ಸುನಿತಾ ತಂದ ಟ್ರ್ಯಾಕಿನಲ್ಲಿ ಅದು ಇರಲಿಲ್ಲ. ಇಸ್ತ್ರಿ ಹೊಡೆದ ಹಾಗೆ ಸಮ ಮಾಡಿ ತಾನು ಕಳಿಸಿದ್ದರಲ್ಲೂ ಇರಲಿಲ್ಲ.

ಖಾದರಸಾಬ ಕೇಳುತ್ತ ಕೂತಿದ್ದರು. "ಕೊಡಾಕ ಬಂದೋರು ಹಿಂಗ ಬಾರ್ಸಬಾರ್ದವ್ವ," ಎಂದರು. "ಮನೀಗೆ ಒಯ್ರಿ."

ಪೇಟಿ ಬಂದ ದಾರಿಯಲ್ಲೇ ತಿರುಗಿ ಹೋಯಿತು. ಬಸ್ಸಿನ ಕಂಡಕ್ಟರು ಹೋಗುವಾಗಲೂ ಬರುವಾಗಲೂ ಅದನ್ನು ಎಲ್ಲಿಡಬೇಕೆಂದು ಜಗಳ ತೆಗೆದ.

ಈಗ ಏನು ನೋಡಿ ಕೊಳ್ಳಬೇಕೆಂದು ನೀಲಾಂಬಿಕಾ ಅವರಿಗೆ ಗೊತ್ತಿತ್ತು. ಹಾಗೆ ಗೊತ್ತಿದ್ದುದರಿಂದ ಕೆಲಸ ಹಗುರವೇನೂ ಆಗಲಿಲ್ಲ. ಪಟ್ಟಿ ಎಷ್ಟಾದರೂ ಇರಲಿ, ಎಡಗೈ ಹಿಡಿಯಲು ಏನಾದರೂ ಇರಬೇಕು. ಅಂಗಡಿಗಳ ಫೋಟೊಗಳಲ್ಲಿ ಪಟ್ಟಿಗಳ ಎಡಕ್ಕೆ ಏನಿದೆ ಎಂದು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಕೆಲವಕ್ಕೆ ಬರೀ ಗುಂಡಿ. ಕೆಲವಕ್ಕೆ ಬೆರಳು ಜಾರಿಸುವ ನುಣ್ಣನೆಯ ಪಟ್ಟೆ. ಅವರು ವಾಪಸ್ ಕಳಿಸಿದ ಎರಡನೆಯದಕ್ಕೂ ಅದೇ ಇತ್ತು, ಮುಟ್ಟಿದಲ್ಲಿಗೆ ಧ್ವನಿ ಜಿಗಿಯುತ್ತದೆ. ಕೆಲವಕ್ಕೆ ಎರಡು ಚಕ್ರ. ಒಂದು ಚಕ್ರ ಬಿಟ್ಟ ಕೂಡಲೇ ತಿರುಗಿ ನಡುವಿಗೆ ಬಂದು ನಿಲ್ಲುತ್ತದೆ, ಇನ್ನೊಂದು ಬಿಟ್ಟಲ್ಲೇ ನಿಲ್ಲುತ್ತದೆ. ಆ ಎರಡನೆಯದನ್ನು ಧ್ವನಿಯ ಏರಿಳಿತಕ್ಕೆ ಜೋಡಿಸಬಹುದು ಎಂದು ಒಂದು ಕಡೆ ಓದಿದರು. ಅದರ ಬಿಗಿ ಎಷ್ಟಿದೆ, ಕೈಯಲ್ಲಿ ಹಿಡಿದು ನಿಧಾನ ತಿರುಗಿಸಿದರೆ ತಡೆದು ತಡೆದು ಹೋಗುತ್ತದೆಯೋ ನುಣ್ಣಗೆ ಹೋಗುತ್ತದೆಯೋ ಎಂದು ಯಾವ ಅಂಗಡಿಯೂ ಬರೆದಿರಲಿಲ್ಲ. ಹಾಗೆ ಕೇಳಿ ಬರೆದದ್ದಕ್ಕೆ, ನಮ್ಮ ಉತ್ಪನ್ನದಲ್ಲಿ ನಿಮಗಿರುವ ಆಸಕ್ತಿಗೆ ಧನ್ಯವಾದ ಎಂದು ಉತ್ತರ ಬಂತು.

ಕೊನೆಗೆ ಸಿಕ್ಕಿದ್ದು ಶಿಗ್ಗಾಂವಿಯಲ್ಲಿ. ಆರ್ಕೆಸ್ಟ್ರಾದಲ್ಲಿ ನುಡಿಸಿ ಬಿಟ್ಟು ಈಗ ಟೈಲ್ಸ್ ಅಂಗಡಿ ನಡೆಸುವ ಫಕ್ಕೀರೇಶ ಎಂಬವರ ಹತ್ತಿರ ನಲವತ್ತೊಂಬತ್ತು ಪಟ್ಟಿಯ ಹಳೆಯ ಕೀಬೋರ್ಡ್ ಒಂದು ಅಟ್ಟದಲ್ಲಿತ್ತು. ಬಲತುದಿಯ ಒಂದು ಕರಿ ಪಟ್ಟಿ ಏಳುತ್ತಿರಲಿಲ್ಲ. ಅದನ್ನು ಫಕ್ಕೀರೇಶ ಮೊದಲೇ ಹೇಳಿದರು. ನೀಲಾಂಬಿಕಾ ಪಟ್ಟಿಗಳನ್ನು ಮುಟ್ಟಲೇ ಇಲ್ಲ. ಎಡಗಡೆಯ ಚಕ್ರವನ್ನು ಕಣ್ಣು ಮುಚ್ಚಿ ಮೇಲೆ ಕೆಳಗೆ ತಿರುಗಿಸುತ್ತ ಬಹಳ ಹೊತ್ತು ಕೂತರು. ಟೈಲ್ಸ್ ನೋಡಲು ಬಂದ ಒಬ್ಬರು, ಏನು ರಿಪೇರಿಯೇ ಎಂದು ಕೇಳಿದರು.

ಮನೆಗೆ ತಂದ ಮೇಲೂ ಅದು ಮಣಿಯಲಿಲ್ಲ. ಚಕ್ರವನ್ನು ಧ್ವನಿಗೆ ಜೋಡಿಸುವ ಕಿಟಕಿ ತಂತ್ರಾಂಶದಲ್ಲಿ ಎಲ್ಲಿದೆ ಎಂದು ಹುಡುಕುವುದರಲ್ಲಿ ದಿನಗಳು ಹೋದವು. ಒಮ್ಮೆ ಜೋಡಿಸಿದ್ದು ಲ್ಯಾಪ್‌ಟಾಪ್ ಆರಿಸಿ ಹಚ್ಚಿದರೆ ಮಾಯ. ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಹೋಗಿದ್ದರಿಂದ ಕರೆಂಟು ಹೋದಾಗಲೆಲ್ಲ ಮೊದಲಿನಿಂದ ಶುರು. ಕೈಗೂ ಒಗ್ಗಲಿಲ್ಲ. ತಿದಿಯನ್ನು ಒತ್ತಿದರೆ ಗಾಳಿ ತಾನಾಗಿ ಇಳಿಯುತ್ತದೆ. ಚಕ್ರವನ್ನು ಏರಿಸಿದವರೇ ಇಳಿಸಬೇಕು. ಇಳಿಸಲು ಮರೆತರೆ ಪೇಟಿ ಕೂಗುತ್ತಲೇ ಇರುತ್ತದೆ. ತೂಕಕ್ಕೆ ನಿಂತಾಗಲೂ ನೀಲಾಂಬಿಕಾ ಅವರ ಎಡ ಹೆಬ್ಬೆರಳು ಸೀರೆಯ ನೆರಿಗೆಯ ಮೇಲೆ ಏರಿ ಇಳಿಯುತ್ತಿತ್ತು.

ಶ್ರಾವಣದ ಮೊದಲ ಸೋಮವಾರ ತಪ್ಪಿತು. ಎರಡನೆಯದಕ್ಕೆ ಮುಂಚೆ ಪದ ಹೋಯಿತು. ಅನ್ನವ್ವನಿಂದ ಉತ್ತರ ಬರಲಿಲ್ಲ. ಪೇಟಿಗೆ ನೆಗಡಿಯಾಗಿದೆಯೇ ಎಂದು ಕೇಳಿದರು ಎಂದಷ್ಟೇ ಸುನಿತಾ ತಿಳಿಸಿದಳು.

ಸೋಮವಾರ ಸಂಜೆ ಸುನಿತಾ ಮಠದಿಂದ ಫೋನ್ ಹಚ್ಚಿ ಒಂದು ಕಡೆ ಇಟ್ಟಳು. ನೀಲಾಂಬಿಕಾ ಗಿರಣಿಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ನಿಂತರು. ಗಿರಾಕಿಗಳು ತಮ್ಮ ಡಬ್ಬಿಗಳನ್ನು ತಾವೇ ತೂಕದ ಮೇಲೆ ಇಡತೊಡಗಿದರು. ಅನ್ನವ್ವನನ್ನು ಮುಂದೆ ಕೂರಿಸುವುದಕ್ಕೆ ಆಚೆ ಸ್ವಲ್ಪ ಎಳೆದಾಟ ನಡೆಯಿತು. ಪದ ಶುರುವಾಯಿತು. ಸ್ವರ ನಿಂತಿತು, ಉಬ್ಬಿತು. ಅನ್ನವ್ವ ಎತ್ತಿಕೊಂಡರು. ಎರಡನೇ ಸಾಲಿಗೂ ಎತ್ತಿಕೊಂಡರು. ಎರಡನೇ ನುಡಿಗೆ ಬಂದಾಗ ಅವರ ಧ್ವನಿ ಹಳೆಯ ದಿನಗಳಂತೆ ತೆರೆದಿತ್ತು.

ಮೂರನೇ ನುಡಿ ಅವರಿಗೆ ಹಿಡಿಸಿತು. ಅದನ್ನೇ ಮತ್ತೆ ಹಾಡಿದರು. ಟ್ರ್ಯಾಕ್ ನಾಲ್ಕನೆಯದಕ್ಕೆ ಹೋಯಿತು.

ಅತ್ತ ಒಂದು ಗಳಿಗೆ ಎರಡೂ ಬೇರೆ ಬೇರೆ ದಾರಿ ಹಿಡಿದು ನಡೆದವು. ತಾಳ ಯಾವುದರ ಹಿಂದೆ ಹೋಗಬೇಕೆಂದು ತಿಳಿಯದೆ ನಿಂತಿತು. ಯಾರೋ ನಕ್ಕರು. ನೀಲಾಂಬಿಕಾ ಕಿವಿಯಿಂದ ಬೆರಳು ತೆಗೆದರು. ಗಿರಣಿಯ ಸದ್ದು ತಲೆಯ ತುಂಬ ಬಂತು. ಅನ್ನವ್ವ ಎದ್ದು ಹಿಂದೆ ಹೋಗುವುದನ್ನು ಕೇಳಲು ಅವರಿಗೆ ಇಷ್ಟವಿರಲಿಲ್ಲ. ಹೋದರೆ ಅದೇನೂ ಕೇಳಿಸುವ ಸಂಗತಿಯಲ್ಲ ಎಂಬುದು ಆಮೇಲೆ ಹೊಳೆಯಿತು. ಮತ್ತೆ ಫೋನಿಗೆ ಕಿವಿಕೊಟ್ಟಾಗ ಅನ್ನವ್ವ ಸುನಿತಾಳಿಗೆ ಹೇಳುತ್ತಿದ್ದರು.

"ಅದನ್ನ ನಿಂದ್ರಿಸಿ ಮತ್ತ ಹಚ್ಚು. ಮದಲಿಂದ." ಆಮೇಲೆ ಫೋನಿನ ಹತ್ತಿರ ಬಾಗಿದರೆಂದು ಕಾಣುತ್ತದೆ, ಧ್ವನಿ ದೊಡ್ಡದಾಯಿತು. "ನೀಲಾ, ಮೂರನೇ ನುಡಿ ನಾ ಎರಡ ಸಲ ಹಾಡ್ತೇನಿ ಅನ್ನೋದು ಮರ್ತಿಯೇನ? ಗಂಡನ ಮನೀಗೆ ಹೋಗಿ ಎಲ್ಲಾ ಮರ್ತಿ. ಮುಂದಿನ ಸೋಮಾರಕ್ಕ ಸರಿ ಮಾಡಿ ಕಳಸು. ನಾ ಇಲ್ಲೇ ಮುಂದ ಕುಂತಿರ್ತೇನಿ."

ಒಮ್ಮೊಮ್ಮೆ ಮೂರು ಸಲವೂ ಹಾಡುತ್ತೀಯಲ್ಲ ಅತ್ತಿ, ಆಗ ಏನು ಮಾಡಲಿ ಎಂದು ನೀಲಾಂಬಿಕಾ ಕೇಳಿದರು. ಅಷ್ಟರಲ್ಲಿ ಆಚೆ ಪದ ಮೊದಲಿನಿಂದ ಶುರುವಾಗಿತ್ತು, ಯಾರೂ ಕೇಳಿಸಿಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಅವರು ಗೋಡೆಗೆ ಬೆನ್ನು ಹಾಕಿ, ಬೋರಲು ಹಾಕಿದ ಡಬ್ಬಿಗಳ ಮುಂದೆ ಕೂತರು. ಮೂರನೇ ನುಡಿಯನ್ನು ಎರಡು ಸಲ ನುಡಿಸಿದರು. ಎರಡನೇ ಸಲದ ಕೊನೆಗೆ ಹೆಬ್ಬೆರಳು ಚಕ್ರವನ್ನು ನಿಧಾನ ಏರಿಸುವ ಹೊತ್ತಿಗೆ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಆರಿತು, ಗಿರಣಿ ನಿಂತಿತು. ಕಟ್ಟೆಯ ಮೇಲೆ ಯಂಕವ್ವ ಮಾತು ಶುರುಮಾಡಿದಳು. ನೀಲಾಂಬಿಕಾ ಚಕ್ರವನ್ನು ಕೆಳಗಿಳಿಸಿ, ಅದರ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿ, ಕರೆಂಟು ಬರುವುದನ್ನು ಕಾಯುತ್ತ ಕೂತರು.